ಉಸಿರು ಮರಳಿದ ಮೇಲೆ

ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ, ಆಸ್ಪತ್ರೆಯಲ್ಲಿ ಜೀವನ್ಮರಣದ ಹೋರಾಟ ನಡೆಸಿ ಮನೆಗೆ ಮರಳಿದವರನ್ನು ನೋಡಲು ಬಂಧುಬಳಗ ಬರುತ್ತದೆ. ಎಲ್ಲರ ಬಾಯಲ್ಲೂ ಒಂದೇ ಮಾತು: "ದೇವರು ದೊಡ್ಡವನು, ಹೊಸ ಜನ್ಮ ಸಿಕ್ಕಿತು." ಮಾತು ನಿಜವೇ. ಮನೆಯವರು ಕೃತಜ್ಞತೆಯ ಬಲಿಪೂಜೆ ಮಾಡಿಸುತ್ತಾರೆ. ಆದರೆ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಮನೆಯಲ್ಲಿ ಬೇರೆ ಮಾತು ಕೇಳಿಸುತ್ತದೆ: "ನೋಡಾಕ ಚೊಲೊ ಇದ್ದೀಯಲ್ಲ, ಮತ್ಯಾಕ ಮಲಗ್ತಿ?" ಕಾಯಿಲೆ ಬಿದ್ದವರು ಉತ್ತರಿಸಲಾರದೆ ತಲೆ ತಗ್ಗಿಸುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಭಯ. ಹೊರಗೆ ಗಾಯವಿಲ್ಲ, ಕಟ್ಟಿದ ಪಟ್ಟಿಯಿಲ್ಲ. ಹೇಳಿದರೆ ನಂಬುವವರಿಲ್ಲ.

ಪ್ರಿಯ ಓದುಗರೇ, ಈ ಲೇಖನ ಬರೆಯುವುದು ಆ ನಂಬಿಕೆ ಹುಟ್ಟಿಸುವುದಕ್ಕಾಗಿ. ಪ್ರಾಣ ಉಳಿಯುವುದು ಚಿಕಿತ್ಸೆಯ ಮೊದಲ ಭಾಗ ಮಾತ್ರ. ಮುಂದಿನ ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಹೇಗೆ ನಡೆಯುತ್ತದೆ ಎಂಬುದರ ಮೇಲೆ ಆ ವ್ಯಕ್ತಿಯ ಉಳಿದ ಬದುಕು ನಿಂತಿದೆ. ಆ ದಿನಗಳಲ್ಲಿ ವೈದ್ಯರಿಗಿಂತ ಹೆಚ್ಚು ಹೊತ್ತು ಜೊತೆಗಿರುವವರು ಮನೆಯವರು ಮತ್ತು ನೆರೆಯವರು.

ಆಗುವುದೇನು?

ಕಾಲಿನ ಮೀನಖಂಡ ಅಥವಾ ತೊಡೆಯ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿಕೊಂಡು ಹೃದಯದ ಬಲಭಾಗವನ್ನು ದಾಟಿ, ಶ್ವಾಸಕೋಶದ ರಕ್ತನಾಳದಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ವೈದ್ಯರು ಪಲ್ಮನರಿ ಎಂಬಾಲಿಸಮ್ ಎನ್ನುತ್ತಾರೆ. ಕಾಲುವೆಗೆ ಕಲ್ಲು ಅಡ್ಡ ಬಿದ್ದರೆ ಮುಂದಿನ ಹೊಲಕ್ಕೆ ನೀರಿಲ್ಲ, ಹಿಂದೆ ನೀರಿನ ಒತ್ತಡ ಹೆಚ್ಚುತ್ತದೆ. ಇಲ್ಲಿಯೂ ಹಾಗೆಯೇ. ಮುಂದೆ ಶ್ವಾಸಕೋಶಕ್ಕೆ ರಕ್ತ ಸಾಲದು, ಹಿಂದೆ ಹೃದಯದ ಬಲಭಾಗ ಒತ್ತಡಕ್ಕೆ ದಣಿಯುತ್ತದೆ. ಇದ್ದಕ್ಕಿದ್ದಂತೆ ಉಸಿರಾಟದ ಕಷ್ಟ, ಉಸಿರೆಳೆದಾಗ ಎದೆಯಲ್ಲಿ ಚುಚ್ಚುವ ನೋವು, ವೇಗವಾದ ನಾಡಿ, ತಲೆಸುತ್ತು, ಕೆಲವೊಮ್ಮೆ ಕೆಮ್ಮಿದಾಗ ರಕ್ತ ಇದರ ಲಕ್ಷಣಗಳು.

ಮೂಳೆ ಮುರಿತ, ದೊಡ್ಡ ಶಸ್ತ್ರಚಿಕಿತ್ಸೆ, ಬಹುದಿನ ಹಾಸಿಗೆ ಹಿಡಿಯುವುದು, ಕ್ಯಾನ್ಸರ್, ಬಸುರು, ಬಾಣಂತನ, ಗಂಟೆಗಟ್ಟಲೆ ಕಾಲು ಮಡಿಸಿ ಕೂತು ಪ್ರಯಾಣ ಮಾಡುವುದು ಇದಕ್ಕೆ ದಾರಿ ಮಾಡುತ್ತವೆ. ಕೆಲವರಿಗೆ ಯಾವ ಕಾರಣವೂ ಕಾಣುವುದಿಲ್ಲ.

ಚಿಕಿತ್ಸೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 1960ರಲ್ಲಿ ಇಂಗ್ಲೆಂಡಿನ ವೈದ್ಯರಾದ ಬ್ಯಾರಿಟ್ ಮತ್ತು ಜೋರ್ಡನ್ ಜಗತ್ತಿಗೆ ತೋರಿಸಿದರು. ಹೆಪ್ಪು ತಡೆಯುವ ಔಷಧ ಪಡೆಯದ 19 ರೋಗಿಗಳಲ್ಲಿ 5 ಜನ ಇದೇ ಕಾಯಿಲೆಯಿಂದ ತೀರಿಕೊಂಡರು. ಔಷಧ ಪಡೆದ 16 ಜನರಲ್ಲಿ ಒಬ್ಬರೂ ಇದರಿಂದ ಸಾಯಲಿಲ್ಲ. ಅಂದಿನಿಂದ ಔಷಧವೇ ಈ ರೋಗದ ಚಿಕಿತ್ಸೆಯ ಬುನಾದಿಯಾಗಿದೆ. ಈಗ ಬೇಗನೆ ಆಸ್ಪತ್ರೆ ತಲುಪಿದ ಹೆಚ್ಚಿನವರು ಬದುಕುತ್ತಾರೆ. ಹಾಗಾಗಿಯೇ "ಬದುಕಿದ ಮೇಲೆ ಹೇಗೆ?" ಎಂಬ ಪ್ರಶ್ನೆ ಮುಖ್ಯವಾಗಿದೆ.

ಮೈ ಯಾಕೆ ಬೇಗ ಚೇತರಿಸಿಕೊಳ್ಳುವುದಿಲ್ಲ?

ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಹಳೆಯ ಹೆಪ್ಪನ್ನು ಕರಗಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹೆಪ್ಪು ಬೆಳೆಯದಂತೆ, ಹೊಸದು ಹುಟ್ಟದಂತೆ ತಡೆಯುತ್ತದೆ ಅಷ್ಟೇ. ಇದ್ದ ಹೆಪ್ಪನ್ನು ಕರಗಿಸುವ ಕೆಲಸ ದೇವರು ಕೊಟ್ಟ ನಮ್ಮ ದೇಹದ್ದೇ. ಅದಕ್ಕೆ ವಾರಗಳು, ತಿಂಗಳುಗಳು ಬೇಕು. ದಣಿದ ಹೃದಯ ಸುಧಾರಿಸಬೇಕು, ಮಲಗಿ ಸೊರಗಿದ ಕೈಕಾಲುಗಳಲ್ಲಿ ಮತ್ತೆ ಶಕ್ತಿ ತುಂಬಬೇಕು.

ಕೆನಡಾದಲ್ಲಿ 100 ರೋಗಿಗಳನ್ನು ಒಂದು ವರ್ಷ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷದ ಕೊನೆಗೆ ಸುಮಾರು ಅರ್ಧದಷ್ಟು ಜನರ ಶ್ರಮ ತಾಳುವ ಶಕ್ತಿ ಇರಬೇಕಾದುದಕ್ಕಿಂತ ಕಡಿಮೆಯಿತ್ತು. ಅನೇಕರಲ್ಲಿ ಕಾರಣ ಹೃದಯವಾಗಲಿ ಶ್ವಾಸಕೋಶವಾಗಲಿ ಅಲ್ಲ, ಭಯದಿಂದಲೋ ವಿಶ್ರಾಂತಿಯ ಹೆಸರಿನಲ್ಲೋ ಓಡಾಟ ಬಿಟ್ಟು ದೇಹ ಸಡಿಲವಾಗಿದ್ದು. ಜರ್ಮನಿಯಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಎರಡು ವರ್ಷ ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ ನೂರಕ್ಕೆ 16 ಜನರಿಗೆ ತೊಂದರೆ ಹಾಗೆಯೇ ಉಳಿಯಿತು ಅಥವಾ ಹೆಚ್ಚಾಯಿತು.

ಈ ಅಂಕಿಗಳನ್ನು ಕೊಡುವುದು ಹೆದರಿಸಲು ಅಲ್ಲ. ಏದುಸಿರು ಮತ್ತು ಸುಸ್ತು ಸೋಮಾರಿತನವಲ್ಲ ಎಂದು ತಿಳಿಯಲಿ ಎಂದು. ಈ ಕಾಯಿಲೆಯಿಂದ ಎದ್ದವರ ಬದುಕಿನ ಗುಣಮಟ್ಟ ಅಳೆಯಲೆಂದೇ ನೆದರ್‌ಲ್ಯಾಂಡ್ಸಿನ ವೈದ್ಯರು ಒಂದು ಪ್ರಶ್ನಾವಳಿ ರಚಿಸಿದ್ದಾರೆ. ಅದರಲ್ಲಿ ಎದೆನೋವು, ಉಸಿರಿನ ಜೊತೆಗೆ ಮನೆಗೆಲಸ ಮಾಡಲು ಆಗುತ್ತದೆಯೇ, ದುಡಿಮೆಗೆ ಅಡ್ಡಿಯಾಗಿದೆಯೇ, ನಾಲ್ಕು ಜನರ ಜೊತೆ ಬೆರೆಯಲು ಕಷ್ಟವೇ, ಮತ್ತೆ ಬಂದೀತೆಂಬ ಅಂಜಿಕೆ ಇದೆಯೇ ಎಂದೆಲ್ಲ ಕೇಳಲಾಗುತ್ತದೆ. ನಮ್ಮ ಮನೆಯ ರೋಗಿಗೆ ಇಂಥ ಪ್ರಶ್ನೆಗಳನ್ನು ಎಂದಾದರೂ ಕೇಳಿದ್ದೇವೆಯೇ?

ನಮ್ಮ ಗಡಿನಾಡಿನ ಕಷ್ಟಗಳು

ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅಂದು ಆಂಧ್ರ ರಾಜ್ಯಕ್ಕೆ ಸೇರಿ ಕರ್ನೂಲು ಜಿಲ್ಲೆಯವಾದವು. ಆದರೆ ಹೊಳಗುಂದ, ಕೌತಾಳಂ, ಆಲೂರು ಕಡೆಯ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡವೇ, ಬೀಗತನ ಬಳ್ಳಾರಿ ಸೀಮೆಯಲ್ಲೇ. ಕಾಯಿಲೆ ಬಂದಾಗಲೂ ನಮ್ಮ ಜನ ಎರಡು ದಿಕ್ಕಿಗೆ ನೋಡುತ್ತಾರೆ. ಸುಮಾರು ನೂರು ಕಿಲೋಮೀಟರ್ ದೂರದ ಕರ್ನೂಲಿನ ಸರ್ಕಾರಿ ದೊಡ್ಡಾಸ್ಪತ್ರೆಗೆ ಕೆಲವರು, ಜನ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕೆಲವರು, ಕೈಯಲ್ಲಿ ಸ್ವಲ್ಪ ಕಾಸಿದ್ದರೆ ಬೆಂಗಳೂರಿಗೆ ಕೆಲವರು.

ಇದರಿಂದ ಒಂದು ಅಪಾಯ ಹುಟ್ಟುತ್ತದೆ. ಮೊದಲು ಒಂದು ಕಡೆ, ಮೂರು ತಿಂಗಳ ನಂತರ ಇನ್ನೊಂದು ಕಡೆ ತೋರಿಸಿದರೆ ಹಿಂದಿನ ಸ್ಕ್ಯಾನ್ ಏನು ಹೇಳಿತ್ತು, ಯಾವ ಮಾತ್ರೆ, ಎಷ್ಟು ದಿನಕ್ಕೆ ಎಂಬುದು ಹೊಸ ವೈದ್ಯರಿಗೆ ತಿಳಿಯುವುದಿಲ್ಲ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ನರ್ಸಮ್ಮನ ಮಾತು ತೆಲುಗಿನಲ್ಲಿ, ಮಾತ್ರೆ ಕೊಡಬೇಕಾದ ಸೊಸೆಗೆ ಬರುವುದು ಕನ್ನಡ ಮಾತ್ರ. ಆದ್ದರಿಂದ ಆಸ್ಪತ್ರೆ ಬಿಡುವ ಮುಂಚೆಯೇ ಮಾತ್ರೆಯ ಹೆಸರು, ಹೊತ್ತು, ಎಷ್ಟು ತಿಂಗಳು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಎಲ್ಲ ಚೀಟಿ, ಸ್ಕ್ಯಾನ್ ಫಿಲ್ಮುಗಳನ್ನು ಒಂದೇ ಚೀಲದಲ್ಲಿಡಿ. ಎಲ್ಲಿಗೆ ಹೋದರೂ ಆ ಚೀಲ ಜೊತೆಗಿರಲಿ.

ನಮ್ಮ ಭಾಗದ ಇನ್ನೊಂದು ಕಷ್ಟ ಗುಳೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯಿಂದ ಸಂಸಾರ ಸಮೇತ ಗುಂಟೂರಿಗೆ ಮೆಣಸಿನಕಾಯಿ, ಹತ್ತಿ ಬಿಡಿಸಲು ಹೋಗುತ್ತಾರೆ. ಇಡೀ ರಾತ್ರಿ ವಾಹನದಲ್ಲಿ ಮೊಣಕಾಲು ಮಡಿಸಿ ಕೂರುತ್ತಾರೆ. ಇಳಿಯುವುದು ತಪ್ಪಲಿ ಎಂದು ಹೆಂಗಸರು ನೀರನ್ನೂ ಕುಡಿಯುವುದಿಲ್ಲ. ಒಮ್ಮೆ ಹೆಪ್ಪು ಬಂದವರಿಗೆ ಇದು ತಕ್ಕುದಲ್ಲ. ಹೋಗಲೇಬೇಕಾದರೆ ಇಡೀ ಹಂಗಾಮಿಗೆ ಬೇಕಾಗುವಷ್ಟು ಮಾತ್ರೆ ಒಯ್ಯಿರಿ. ದಾರಿಯಲ್ಲಿ ಆಗಾಗ ಇಳಿದು ನಡೆಯಿರಿ, ಕೂತಲ್ಲೇ ಪಾದ ಆಡಿಸಿರಿ, ನೀರು ಕುಡಿಯಿರಿ. ಗುಣದಲ ಮಾತೆಯ ಹಬ್ಬಕ್ಕೆ, ವೇಳಾಂಗಣ್ಣಿಗೆ ಬಸ್ಸಿನಲ್ಲಿ ಯಾತ್ರೆ ಹೋಗುವವರಿಗೂ ಇದೇ ಮಾತು.

ಮಾತ್ರೆ: ಕಾಯುವುದೂ ಅದೇ, ಕೊಲ್ಲುವುದೂ ಅದೇ

ಹೆಪ್ಪು ತಡೆಯುವ ಮಾತ್ರೆಗಳಲ್ಲಿ ಹಳೆಯದು ವಾರ್ಫರಿನ್. ಅದರ ಹುಟ್ಟಿನ ಕಥೆ ರೈತಾಪಿ ಜನರಾದ ನಮಗೆ ಇಷ್ಟವಾದೀತು. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಕೊಳೆತ ಮೇವು ತಿಂದ ದನಗಳು ರಕ್ತ ಸೋರಿ ಸಾಯತೊಡಗಿದವು. 1933ರಲ್ಲಿ ಒಬ್ಬ ರೈತ ಸತ್ತ ಕರುವನ್ನೂ ಹೆಪ್ಪುಗಟ್ಟದ ರಕ್ತವನ್ನೂ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೊತ್ತು ತಂದ. ಅಲ್ಲಿನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು ಕಾರಣವಾದ ವಸ್ತುವನ್ನು ಬೇರ್ಪಡಿಸಿದರು. ಅದರಿಂದ ಬೆಳೆದ ವಾರ್ಫರಿನ್ ಮೊದಲು ಇಲಿ ಪಾಷಾಣವಾಗಿ ಮಾರಾಟವಾಯಿತು. 1954ರಲ್ಲಿ ಮನುಷ್ಯರ ಔಷಧವಾಯಿತು. ಅಳತೆ ತಪ್ಪಿದರೆ ವಿಷ, ಅಳತೆಯಲ್ಲಿದ್ದರೆ ಅಮೃತ.

ಆ ಅಳತೆ ತಿಳಿಯಲು ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಬೇಕು. ಈ ರೋಗದಲ್ಲಿ ಅದು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಸೊಪ್ಪಿನಲ್ಲಿರುವ ಕೆ ಜೀವಸತ್ವ ವಾರ್ಫರಿನ್ನಿಗೆ ಎದುರಾಗಿ ನಿಲ್ಲುತ್ತದೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ. ಒಂದು ವಾರ ದಿನಾ ಪಲ್ಯ, ಮುಂದಿನ ವಾರ ಒಂದು ಎಲೆಯೂ ಇಲ್ಲ ಎಂದಾಗಬಾರದು. ರೊಟ್ಟಿಯ ಜೊತೆ ಎಷ್ಟು ತಿನ್ನುತ್ತೀರೋ ವಾರ ವಾರವೂ ಅಷ್ಟೇ ಇರಲಿ.

ರಿವರೊಕ್ಸಬಾನ್, ಅಪಿಕ್ಸಬಾನ್ ಮೊದಲಾದ ಹೊಸ ಮಾತ್ರೆಗಳಿಗೆ ಆಗಾಗ ಈ ಪರೀಕ್ಷೆ ಬೇಡ. ಆದರೆ ಅವುಗಳ ಬಲ ಒಂದು ದಿನದಲ್ಲೇ ಇಳಿದುಹೋಗುತ್ತದೆ. ಸಂತೆಗೆ ಹೋದಾಗ ತಂದರಾಯಿತು ಎಂದು ಎರಡು ದಿನ ಬಿಟ್ಟರೆ ರಕ್ಷಣೆ ಇಲ್ಲ. ಮನೆಯಲ್ಲಿ ಸದಾ ಒಂದು ವಾರದ ಮಾತ್ರೆ ಹೆಚ್ಚಿಗೆ ಇರಲಿ. ರಿವರೊಕ್ಸಬಾನಿನ 15 ಮತ್ತು 20 ಮಿಲಿಗ್ರಾಂ ಮಾತ್ರೆಗಳನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು, ಬರಿ ಹೊಟ್ಟೆಯಲ್ಲಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ತಪಸ್ಸುಕಾಲದಲ್ಲಿ ಉಪವಾಸ ಮಾಡಲೇಬೇಕೆಂದು ಹಟ ಹಿಡಿಯುವ ಹಿರಿಯರು ಗಮನಿಸಿ: ಧರ್ಮಸಭೆ ರೋಗಿಗಳನ್ನು ಉಪವಾಸದ ಕಟ್ಟಳೆಯಿಂದ ಬಿಡುಗಡೆ ಮಾಡಿದೆ. ಬೇರೊಂದು ತ್ಯಾಗವನ್ನು ಪ್ರಭುವಿಗೆ ಅರ್ಪಿಸಬಹುದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ಮೈಕೈ ನೋವೆಂದರೆ ಊರಿನ ಆರ್.ಎಂ.ಪಿ. ಡಾಕ್ಟರ ಬಳಿ ಸೂಜಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಹೆಪ್ಪು ತಡೆಯುವ ಮಾತ್ರೆ ನುಂಗುವವರಿಗೆ ಸೊಂಟಕ್ಕೆ, ತೋಳಿಗೆ ಚುಚ್ಚಿದರೆ ಮಾಂಸದೊಳಗೆ ರಕ್ತ ತುಂಬಿಕೊಳ್ಳಬಹುದು. ಡೈಕ್ಲೊಫೆನಾಕಿನಂಥ ನೋವಿನ ಮದ್ದು ಹೊಟ್ಟೆಯಲ್ಲಿ ರಕ್ತ ಸೋರುವಂತೆ ಮಾಡಬಹುದು. "ನಾನು ಹೆಪ್ಪಿನ ಮಾತ್ರೆ ತಗೊಳ್ತೀನಿ" ಎಂಬ ಮಾತನ್ನು ಯಾವ ಡಾಕ್ಟರ, ಯಾವ ಔಷಧಿ ಅಂಗಡಿಯ ಮುಂದೆ ನಿಂತರೂ ಮೊದಲು ಹೇಳಬೇಕು. ಹಲ್ಲು ಕೀಳಿಸುವ ಮುಂಚೆಯೂ ಹೇಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಈ ಮಾತ್ರೆಗಳ ಬಲ ತಗ್ಗಿಸುತ್ತದೆ, ಕೆಲವು ಆಂಟಿಬಯೋಟಿಕ್‌ಗಳು ವಾರ್ಫರಿನ್ನಿನ ಬಲ ಏರಿಸುತ್ತವೆ. ಗಿಡಮೂಲಿಕೆ ಔಷಧವನ್ನೂ ಕೇಳದೆ ಸೇರಿಸಬೇಡಿ.

ಮೂರು ತಿಂಗಳಿಗೆ ಮತ್ತೆ ಹೋಗಲೇಬೇಕು

ಬಹಳ ಜನ ಎಡವುವುದು ಇಲ್ಲಿಯೇ. ಮಾತ್ರೆ ಮುಗಿಯಿತು, ಮೈ ಪರವಾಗಿಲ್ಲ, ಬಸ್ಸಿನ ಖರ್ಚು ಯಾಕೆ ಎಂದು ಸುಮ್ಮನಾಗುತ್ತಾರೆ. ಆದರೆ ಮೂರರಿಂದ ಆರು ತಿಂಗಳ ನಡುವಿನ ಈ ಭೇಟಿಯಲ್ಲಿ ಎರಡು ದೊಡ್ಡ ಪ್ರಶ್ನೆಗಳಿಗೆ ಉತ್ತರ ಸಿಗಬೇಕು.

ಮೊದಲನೆಯದು: ಮಾತ್ರೆ ನಿಲ್ಲಿಸಬಹುದೇ? ಮೂಳೆ ಮುರಿತ, ಆಪರೇಷನ್‌ನಂಥ ಸ್ಪಷ್ಟ ಕಾರಣದಿಂದ ಹೆಪ್ಪು ಬಂದಿದ್ದರೆ ಸಾಮಾನ್ಯವಾಗಿ ಮೂರು ತಿಂಗಳು ಸಾಕು. ಕಾರಣವೇ ಕಾಣದೆ ಬಂದಿದ್ದರೆ ಲೆಕ್ಕ ಬೇರೆ. ಅಂಥವರು ಔಷಧ ನಿಲ್ಲಿಸಿದ ಮೇಲೆ ಮೊದಲ ವರ್ಷದಲ್ಲಿ ನೂರಕ್ಕೆ 10 ಜನರಿಗೆ, ಐದು ವರ್ಷದೊಳಗೆ 25 ಜನರಿಗೆ, ಹತ್ತು ವರ್ಷದೊಳಗೆ 36 ಜನರಿಗೆ ಹೆಪ್ಪು ಮರುಕಳಿಸುತ್ತದೆ ಎಂದು ಹಲವು ಅಧ್ಯಯನಗಳನ್ನು ಕೂಡಿಸಿ 2019ರಲ್ಲಿ ಲೆಕ್ಕ ಹಾಕಲಾಗಿದೆ. ಆದ್ದರಿಂದ ಅನೇಕರಿಗೆ ವೈದ್ಯರು ಮಾತ್ರೆ ಮುಂದುವರಿಸುತ್ತಾರೆ. ಈ ತೀರ್ಮಾನ ನಾವೇ ಮಾಡತಕ್ಕದ್ದಲ್ಲ.

ಎರಡನೆಯದು: ಉಳಿದ ಏದುಸಿರು ಯಾವುದರಿಂದ? ಕೆಲವೇ ಜನರಲ್ಲಿ, ಜರ್ಮನಿಯ ಆ ಅಧ್ಯಯನದ ಪ್ರಕಾರ ನೂರಕ್ಕೆ ಎರಡು ಮೂರು ಜನರಲ್ಲಿ, ಹೆಪ್ಪು ಕರಗದೆ ಗಾಯದ ಕಲೆಯಂತೆ ಗಟ್ಟಿಯಾಗಿ ನಾಳವನ್ನು ಮುಚ್ಚಿಬಿಡುತ್ತದೆ. ಶ್ವಾಸಕೋಶದ ರಕ್ತದೊತ್ತಡ ಏರಿ, ಕಾಲು ಬಾತು, ಹೃದಯ ನಿಧಾನವಾಗಿ ಸೋಲುತ್ತದೆ. ಎಕೊ ಮತ್ತು ವಿ.ಕ್ಯೂ. ಸ್ಕ್ಯಾನ್‌ನಿಂದ ಇದನ್ನು ಗುರುತಿಸಬಹುದು. ಇದಕ್ಕೂ ಚಿಕಿತ್ಸೆ ಇದೆ. ಎದೆ ತೆರೆದು ಆ ಕಲೆಯನ್ನು ಬಿಡಿಸಿ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ಬೆಂಗಳೂರಿನ ನಾರಾಯಣ ಹೃದಯಾಲಯದಂಥ ಕೆಲವೇ ಕಡೆ ನಡೆಯುತ್ತದೆ. ಕೆಲವರಿಗೆ ಬಲೂನ್ ಚಿಕಿತ್ಸೆ, ಕೆಲವರಿಗೆ ಮಾತ್ರೆ. ಗುರುತಿಸದೆ ಬಿಟ್ಟರೆ ಮಾತ್ರ ದಾರಿಯಿಲ್ಲ. ಆದ್ದರಿಂದ ಮೂರು ತಿಂಗಳಾದರೂ ಏದುಸಿರು ಹೋಗದಿದ್ದರೆ "ವಯಸ್ಸಾಯಿತು", "ದಮ್ಮು ಇರಬೇಕು" ಎಂದು ಸುಮ್ಮನಿರಬೇಡಿ.

ತಾಯಂದಿರ ವಿಷಯ

ಬಸುರಿನಲ್ಲೂ ಹೆರಿಗೆಯ ನಂತರದ ಆರು ವಾರಗಳಲ್ಲೂ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ನಮ್ಮಲ್ಲಿ ಬಾಣಂತಿ ಮಂಚ ಬಿಟ್ಟು ಇಳಿಯಬಾರದು, ನೀರು ಹೆಚ್ಚು ಕುಡಿಯಬಾರದು ಎಂಬ ಕಟ್ಟುಪಾಡು ಹಲವು ಮನೆಗಳಲ್ಲಿದೆ. ಅಕ್ಕರೆಯಿಂದಲೇ ಅಜ್ಜಿಯರು ಹೀಗೆ ಮಾಡುತ್ತಾರೆ. ಆದರೆ ಅಲುಗಾಡದ ಕಾಲು, ನೀರಿಲ್ಲದ ಮೈ ಎರಡೂ ಹೆಪ್ಪಿಗೆ ಅನುಕೂಲ. ಬಾಣಂತಿ ಮನೆಯೊಳಗೆ ಓಡಾಡಲಿ, ಬಾಯಾರಿದಾಗ ನೀರು ಕುಡಿಯಲಿ. ಒಂದೇ ಕಾಲು ಬಾತು ನೋವಾದರೆ, ಉಸಿರು ಸಿಕ್ಕಿದಂತಾದರೆ ಗಾಳಿ ಸೋಕಿತೆಂದು ಕೂರಬೇಡಿ.

ಒಮ್ಮೆ ಈ ರೋಗ ಬಂದ ಮಹಿಳೆ ಮುಂದೆ ತಾಯಿಯಾಗಬಹುದು. ಆದರೆ ವಾರ್ಫರಿನ್ ಹೊಟ್ಟೆಯಲ್ಲಿನ ಕೂಸಿಗೆ ಕೇಡು ಮಾಡುತ್ತದೆ, ಹೊಸ ಮಾತ್ರೆಗಳೂ ಬಸುರಿನಲ್ಲಿ ಸಲ್ಲವು. ಆಗ ಹೆಪಾರಿನ್ ಚುಚ್ಚುಮದ್ದು ಕೊಡುತ್ತಾರೆ. ಇದನ್ನು ಚರ್ಮದ ಕೆಳಗಷ್ಟೇ ಚುಚ್ಚುವುದರಿಂದ ಮೇಲೆ ಹೇಳಿದ ಸೂಜಿಯ ಭಯ ಇಲ್ಲಿಲ್ಲ. ಆದ್ದರಿಂದ ಮುಟ್ಟು ನಿಂತ ಕೂಡಲೇ, ಇನ್ನೂ ಒಳ್ಳೆಯದೆಂದರೆ ಅದಕ್ಕೂ ಮುಂಚೆ, ವೈದ್ಯರಿಗೆ ತಿಳಿಸಬೇಕು. ಮಾತ್ರೆಯಿಂದ ಮುಟ್ಟಿನ ಸ್ರಾವ ಹೆಚ್ಚಾದರೆ ನಾಚಿಕೊಂಡು ಮುಚ್ಚಿಡಬಾರದು. ಹಬ್ಬ, ಮದುವೆಗೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗಬಾರದು. ಒಮ್ಮೆ ಹೆಪ್ಪು ಬಂದವರಿಗೆ ಅದು ಅಪಾಯ.

ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್‌ಗೆ 2011ರಲ್ಲಿ ಶ್ವಾಸಕೋಶದಲ್ಲಿ ಹೆಪ್ಪು ಕಂಡಿತು. ಮರುವರ್ಷ ಆಕೆ ವಿಂಬಲ್ಡನ್ ಗೆದ್ದರು, ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನವನ್ನೂ ಗೆದ್ದರು. 2017ರಲ್ಲಿ ಹೆರಿಗೆಯಾದ ಮರುದಿನ ಮತ್ತೆ ಉಸಿರು ಕಟ್ಟಿತು. ಇದು ಹೆಪ್ಪೇ ಇರಬೇಕು, ಸ್ಕ್ಯಾನ್ ಮಾಡಿ ಎಂದು ಆಕೆಯೇ ಪಟ್ಟು ಹಿಡಿದರು. ಸ್ಕ್ಯಾನ್‌ನಲ್ಲಿ ಹೆಪ್ಪು ಕಂಡಿತು, ಜೀವ ಉಳಿಯಿತು. ಪೂರ್ತಿ ಚೇತರಿಕೆ ಸಾಧ್ಯ ಎಂಬುದಕ್ಕೂ, ತನ್ನ ಮೈಯ ಮಾತನ್ನು ತಾನೇ ಬಾಯಿಬಿಟ್ಟು ಹೇಳಬೇಕು ಎಂಬುದಕ್ಕೂ ಇದು ಸಾಕ್ಷಿ.

ನಡಿಗೆ ಮತ್ತು ಧೈರ್ಯ

ವೈದ್ಯರು ಒಪ್ಪಿದ ಮೇಲೆ ದಿನವೂ ನಡೆಯಬೇಕು. ಮೊದಲು ಅಂಗಳದಲ್ಲಿ, ಆಮೇಲೆ ಓಣಿಯ ಕೊನೆವರೆಗೆ, ಆಮೇಲೆ ದೇವಾಲಯದವರೆಗೆ. ಜೊತೆಯಲ್ಲಿರುವವರೊಡನೆ ಮಾತನಾಡುತ್ತಾ ನಡೆಯಲು ಆಗುವಷ್ಟೇ ವೇಗ ಸಾಕು. ನಮ್ಮ ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ ನಡೆಯುವುದು ಲೇಸು. ಕ್ರಮವಾದ ವ್ಯಾಯಾಮದಿಂದ ಈ ರೋಗಿಗಳ ನಡೆಯುವ ಶಕ್ತಿ ಹೆಚ್ಚುತ್ತದೆ ಎಂದು ನಾರ್ವೆಯ ವೈದ್ಯರು ಪರೀಕ್ಷಿಸಿ ತೋರಿಸಿದ್ದಾರೆ. ಹತ್ತಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿಗೆ ಮೊದಲ ದಿನವೇ ಹಿಂದಿನ ಭಾರ ಹೊರಲಾಗದು. ಆದರೆ ಕೆಲವು ವಾರ ಹಗುರ ಕೆಲಸ ಸಿಕ್ಕರೆ ಆತ ಮತ್ತೆ ದುಡಿಮೆಗಾರನಾಗಬಲ್ಲ. ಮೇಸ್ತ್ರಿಯ ಬಳಿ ಇದನ್ನು ಕೇಳಲು ಮನೆಯವರು ಜೊತೆ ಹೋಗಬೇಕು.

ಭಯವೂ ಈ ರೋಗದ ಒಂದು ಭಾಗ. ಎದೆಯಲ್ಲಿ ಸಣ್ಣ ಚಳುಕಾದರೂ ಮತ್ತೆ ಬಂತೆಂದು ಬೆವರುತ್ತಾರೆ, ಒಬ್ಬರೇ ಮಲಗಲು ಅಂಜುತ್ತಾರೆ. "ನಿನಗೆ ವಿಶ್ವಾಸ ಕಡಿಮೆ" ಎಂದು ಗದರುವುದು ಸಲ್ಲದು. ಕೂತು ಕೇಳಬೇಕು. ನಿದ್ದೆ, ಊಟ ಎರಡೂ ಬಿಟ್ಟರೆ ವೈದ್ಯರಿಗೆ ಹೇಳಬೇಕು.

ನಿಜವಾದ ಅಪಾಯ ಯಾವುದೆಂದು ತಿಳಿದಿದ್ದರೆ ಭಯ ಅರ್ಧ ಇಳಿಯುತ್ತದೆ. ಇದ್ದಕ್ಕಿದ್ದಂತೆ ಹೆಚ್ಚಿದ ಏದುಸಿರು, ಎದೆನೋವು, ಎಚ್ಚರ ತಪ್ಪುವುದು, ಕೆಮ್ಮಿದಾಗ ರಕ್ತ, ಡಾಂಬರಿನಂತೆ ಕಪ್ಪು ಮಲ, ನಿಲ್ಲದ ರಕ್ತಸ್ರಾವ, ತಲೆಗೆ ಪೆಟ್ಟು, ಎಂದೂ ಇಲ್ಲದ ತಲೆನೋವು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ.

ಧರ್ಮಕೇಂದ್ರ ಏನು ಮಾಡಬಹುದು?

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಯಾಯಿರನ ಮಗಳನ್ನು ಎಬ್ಬಿಸುತ್ತಾರೆ. ಹನ್ನೆರಡು ವರ್ಷದ ಹುಡುಗಿ ಎದ್ದು ಓಡಾಡುತ್ತಾಳೆ, ನೆರೆದವರೆಲ್ಲ ಬೆರಗಾಗಿ ನಿಂತಿದ್ದಾರೆ. ಆಗ ಪ್ರಭು ಮನೆಯವರಿಗೆ ಹೇಳುವುದು ಬಲು ಸಾಮಾನ್ಯವಾದ ಮಾತು: ಮಗುವಿಗೆ ಊಟ ಕೊಡಿ ಎಂದು. ಪ್ರಾಣ ಕೊಟ್ಟಿದ್ದು ಪ್ರಭು. ಮುಂದಿನ ಆರೈಕೆಯನ್ನು ಅವರು ಮನೆಯವರ ಕೈಗೆ ಒಪ್ಪಿಸಿದರು.

ಎರಡನೇ ಜಾನ್ ಪೌಲರು 1992ರಲ್ಲಿ ಸ್ಥಾಪಿಸಿದ ವಿಶ್ವ ರೋಗಿಗಳ ದಿನವನ್ನು ಪ್ರತಿವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದಂದು ಆಚರಿಸುತ್ತೇವೆ. ಅಂದು ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಉಳಿದ ದಿನಗಳಲ್ಲಿ ನಮ್ಮ ಕೈಲಾದ ಕೆಲಸಗಳಿವೆ. ಓದು ಬಲ್ಲ ಯುವಕ ಯುವತಿಯರು ಡಿಸ್ಚಾರ್ಜ್ ಚೀಟಿಯನ್ನು ಕನ್ನಡದಲ್ಲಿ ಬರೆದುಕೊಡಬಹುದು. ರಕ್ತಪರೀಕ್ಷೆಯ ದಿನ, ಮೂರು ತಿಂಗಳ ಭೇಟಿಯ ದಿನ ನೆನಪಿಸಿ ಜೊತೆಗೆ ಹೋಗಬಹುದು. ಸರ್ಕಾರದ ಆರೋಗ್ಯ ಯೋಜನೆಯ ಕಾರ್ಡಿನಲ್ಲಿ ಏನು ಸಿಗುತ್ತದೆಂದು ಆಸ್ಪತ್ರೆಯಲ್ಲಿ ವಿಚಾರಿಸಿ ಕೊಡಬಹುದು. ಮಾತ್ರೆಗೆ ಹಣ ಸಾಲದಾದಾಗ ವಿನ್ಸೆಂಟ್ ದೆ ಪೌಲ್ ಸಭೆಯವರು ಕೈ ಹಿಡಿಯಬಹುದು. ನೆರೆಮನೆಯಾಕೆ ಎರಡು ಕೊಡ ನೀರು ತಂದಿಟ್ಟು, ಸಂಜೆ ಕೈ ಹಿಡಿದು ಹತ್ತು ಹೆಜ್ಜೆ ಜೊತೆಗೆ ನಡೆದರೆ, ಯಾವ ಔಷಧಿ ಅಂಗಡಿಯಲ್ಲೂ ಸಿಗದ ಮದ್ದು ಅದು.

ಮುಂದಿನ ಸಲ ಇಂಥವರನ್ನು ನೋಡಲು ಹೋದಾಗ "ಹೊಸ ಜನ್ಮ ಸಿಕ್ಕಿತು" ಎಂದು ಖಂಡಿತ ಹೇಳೋಣ. ಜೊತೆಗೆ ಇನ್ನೂ ಎರಡು ಮಾತು ಕೇಳೋಣ: "ಇವತ್ತು ಮಾತ್ರೆ ತಗೊಂಡಿರಾ? ಸ್ವಲ್ಪ ನಡೆದು ಬರೋಣವೇ?"